ಹಿಟ್ಟಿನ ಕೋಳಿಯೂ ಹಾಜರಿ ಪುಸ್ತಕವೂ
(ಡೊಂಬಿವಲಿಯ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ತತ್ತ್ವಶಾಸ್ತ್ರದ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ನಗು ಬಂತು. ನಾವು ಓದಿದ್ದು ಮೆಟ್ರಿಕ್. ಬರೆಯುವುದು ಮಿಲ್ಲಿನ ಹಾಜರಿ ಪುಸ್ತಕ. ಆದರೂ ಕಳೆದ ಮಳೆಗಾಲದಲ್ಲಿ ಈ ಕೋಣೆಯಲ್ಲಿಯೇ ನಡೆದುದನ್ನು ಹೇಳಿದರೆ ಸಾಕೆಂದು ಒಪ್ಪಿಕೊಂಡೆವು.

ಮೊದಲು ನಾವು ಹಿಡಿದದ್ದು ತಪ್ಪು ದಾರಿ. ದ್ವೈತ, ಅದ್ವೈತ, ವಿಶಿಷ್ಟಾದ್ವೈತ ಎಂದು ಹಲಗೆಯ ಮೇಲೆ ಬರೆದು ವಿವರಿಸಹೊರಟೆವು. ಪಾಳಿ ಮುಗಿಸಿ, ಕಲ್ಯಾಣದ ಲೋಕಲಿನಲ್ಲಿ ನಿಂತುಕೊಂಡೇ ಬಂದವರಿಗೆ ಇದು ಹೇಗೆ ರುಚಿಸೀತು? ಇಬ್ಬರು ತೂಕಡಿಸಿದರು, ಮೂರನೆಯವರು ಪತ್ರಿಕೆ ಬಿಡಿಸಿ ಕ್ರಿಕೆಟ್ಟಿನ ಪುಟಕ್ಕೆ ಹೋದರು. ಮುಂದಿನ ವಾರ ಹಲಗೆ ಒರೆಸಿ ಒಂದು ಕಥೆ ಹೇಳಿದೆವು.

ಅದು ಜನ್ನಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ. ರಾಣಿ ಮಾವುತನೊಬ್ಬನಿಗೆ ಮನಸೋಲುತ್ತಾಳೆ. ರಾಜ ತಾನು ಕಂಡದ್ದನ್ನು ತಾಯಿಗೆ ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ಮರೆಮಾಡುತ್ತಾನೆ. ದೋಷಪರಿಹಾರಕ್ಕೆ ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಪ್ರಾಣಿಹಿಂಸೆ ಒಲ್ಲೆನೆನ್ನುತ್ತಾನೆ ಮಗ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತೆ ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯುತ್ತಾನೆ. ಏಟು ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ! ತಾಯಿ-ಮಗ ಇಬ್ಬರೂ ಮುಂದೆ ಪ್ರಾಣಿಜನ್ಮಗಳಲ್ಲಿ ಹುಟ್ಟಿ ಹುಟ್ಟಿ ನರಳುತ್ತಾರೆ.

ಇಲ್ಲಿಗೆ ನಿಲ್ಲಿಸಿ ಕೇಳಿದೆವು: ಹಿಟ್ಟಿಗೆ ಜೀವವಿಲ್ಲವಷ್ಟೆ. ಪಾಪ ಎಲ್ಲಿಂದ ಬಂತು?

ತೂಕಡಿಸಿದವರೇ ಮೊದಲು ನೆಟ್ಟಗೆ ಕುಳಿತರು. ಹೋಟೆಲಿನಲ್ಲಿ ದುಡಿಯುವ ಉಡುಪಿ ಕಡೆಯ ಹುಡುಗ, “ಮನಸ್ಸಿನಲ್ಲಿ ಕಡಿದದ್ದೂ ಕಡಿದದ್ದೇ ಅಲ್ಲವಾ ಮಾರಾಯ್ರೆ” ಎಂದ. ವಿಜಯಪುರ ಕಡೆಯ ಗೌಂಡಿಯೊಬ್ಬರು ಒಪ್ಪಲಿಲ್ಲ. “ಹಂಗಾದ್ರ ನಮ್ಮ ಮುಕಾದಮನ್ನ ನಾ ದಿನಾ ಹತ್ತು ಸಲ ಕೊಂದೀನ್ರಿ. ನನಗೇನು ಗಲ್ಲು ಹಾಕ್ತೀರೇನು?” ಎಲ್ಲರೂ ನಕ್ಕರು. ಆದರೆ ಆ ನಗೆಯಿಂದಲೇ ಚರ್ಚೆ ಬಿಗಿಯಾಯಿತು. ಸಿಟ್ಟಿನಲ್ಲಿ ಬಂದುಹೋಗುವ ಯೋಚನೆ ಬೇರೆ, ನಿಶ್ಚಯಿಸಿ ಕತ್ತಿ ಎತ್ತುವುದು ಬೇರೆ ಎಂದು ಅವರೇ ಬೇರ್ಪಡಿಸಿದರು. ಇದಕ್ಕೆ ಸಂಕಲ್ಪಹಿಂಸೆ ಎಂಬ ಹೆಸರಿದೆಯೆಂದು ನಾವು ಆಗ ಹೇಳಿದೆವು. ಮೊದಲೇ ಹಲಗೆಯ ಮೇಲೆ ಬರೆದಿದ್ದರೆ ಅದೂ ನಿದ್ದೆಗೇ ದಾರಿಯಾಗುತ್ತಿತ್ತು.

ನಮ್ಮ ಮನಸ್ಸಿನಲ್ಲಿ ಬೇರೊಂದು ಮುಳ್ಳಿತ್ತು. ಹಳಿಯ ಮೇಲೆ ನೀರು ನಿಂತು ಲೋಕಲು ತಡವಾದ ದಿನ, ಹತ್ತು ನಿಮಿಷ ತಡವಾಗಿ ಬಂದ ಕೆಲಸಗಾರನೊಬ್ಬನಿಗೆ ಮೇಲಿನವರ ಮಾತಿನಂತೆ ‘ಅರ್ಧ ದಿನ’ ಎಂದು ಬರೆದಿದ್ದೆವು. ನಮ್ಮದೇನು, ಬರಿಯ ಮಸಿ ಎಂದು ಸಮಾಧಾನ ಮಾಡಿಕೊಂಡಿದ್ದೆವು. ನಮ್ಮ ಸಂಗತಿ ಬಿಚ್ಚದೆ ಕೂಟಕ್ಕೆ ಕೇಳಿದೆವು: ಹೇಳಿದವಳು ತಾಯಿ, ಕಡಿದವನು ಮಗ, ಪಾಪದ ಪಾಲು ಹೇಗೆ?

ಗೌಂಡಿಯವರು ತಟ್ಟನೆ, “ಕತ್ತಿ ಯಾರ ಕೈಯಾಗಿತ್ರೀ?” ಎಂದರು.

ಮತ್ತೆ ಅಂಥದೇ ಅಪ್ಪಣೆ ಬಂದಾಗ, “ಷರಾ ತಾವೇ ಬರೆದು ಸಹಿ ಹಾಕಿ” ಎಂದು ಪುಸ್ತಕ ಮೇಲಿನವರ ಮುಂದಿಟ್ಟೆವು. ಕೈ ನಡುಗಿತೆಂಬುದೂ ನಿಜ. ಅವರು ಬರೆಯಲಿಲ್ಲ. ಮಾತೂ ಬಿಟ್ಟಿದ್ದಾರೆ.

2025ರಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರು ಹುಡುಗರಾಗಿದ್ದಾಗ ಶಾಲೆ ಬಿಟ್ಟು ಅಲೆಯುತ್ತ ಮುಂಬಯಿಗೆ ಬಂದು ರೈಲ್ವೆ ಕೂಲಿಯಾಗಿ ದುಡಿದವರು. ಮುಂದೆ ತತ್ತ್ವಶಾಸ್ತ್ರ ಓದಿ ಅದನ್ನೇ ಕಾಲೇಜಿನಲ್ಲಿ ಕಲಿಸಿದರು. ಅವರ ತರಗತಿಯಲ್ಲಿ ಎಂದೂ ಕೂರದ ನಮ್ಮಂಥವರಿಗೆ ದೊರೆತದ್ದು 1965ರ ‘ವಂಶವೃಕ್ಷ’. ಮಗು ಹೆತ್ತವಳದೋ ವಂಶದ್ದೋ ಎಂಬ ಪ್ರಶ್ನೆಯನ್ನು ಆ ಕಾದಂಬರಿ ಮನೆಯೊಳಗೇ ತಂದು ಕೂರಿಸುತ್ತದೆ. ಜನ್ನನ ಕೋಳಿಯನ್ನು ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ಎಂಬ ನಾಟಕವಾಗಿಸಿದರು. ಕಥೆ ಹೇಳಿ ನೀತಿಯನ್ನೂ ತಾವೇ ಹೇಳಿಬಿಡುವ ಉಪಾಧ್ಯಾಯರ ಮೇಲೆ ನಮಗೆ ಸ್ವಲ್ಪ ಕೋಪವುಂಟು.

ಬರುವ ಭಾನುವಾರ ಗೋವಿನ ಹಾಡಿನ ಪುಣ್ಯಕೋಟಿ. ತಿನ್ನಲು ಬಂದ ಹುಲಿಗೆ ಕೊಟ್ಟ ಮಾತನ್ನು, ಕೊಟ್ಟಿಗೆಯಲ್ಲಿ ಎಳೆಗರು ಕಾದಿರುವಾಗಲೂ ನಡೆಸಬೇಕೇ? ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದವರು ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬೇಕಾಗಿ ಕೋರಿಕೆ. ಚಹಾ ವಾಚನಾಲಯದ್ದು.