ಪ್ರಯಾಗದಲ್ಲಿ ನಾವು ಬಿಟ್ಟು ಬಂದುದು

(ನಾಡಹಬ್ಬದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಪ್ರಯಾಗ ಯಾತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಪುಣ್ಯಸಂಪಾದನೆಯ ವಿಷಯವನ್ನು ಹೇಳಲು ನಾವು ಅಧಿಕಾರಿಗಳಲ್ಲ. ಅಲ್ಲಿ ಕಂಡುದನ್ನೂ, ಕಂಡು ನಾಚಿದುದನ್ನೂ ಮಾತ್ರ ಅರಿಕೆ ಮಾಡಿಕೊಳ್ಳುತ್ತೇವೆ.

ನಾವು ಹೊರಟವರು ಐವರು. ಧಾರವಾಡ, ಕಲಬುರಗಿ, ಮೈಸೂರು, ಮಂಗಳೂರು, ಮಡಿಕೇರಿ, ಹೀಗೆ ಒಬ್ಬೊಬ್ಬರದು ಒಂದೊಂದು ಊರು. ರೈಲಿನಲ್ಲಿ ಮಾತಿಗೆ ಬರವಿರಲಿಲ್ಲ. ಆದರೆ ಆ ಮಾತೆಲ್ಲವೂ ಯಾವ ಸೀಮೆಗೆ ಎಷ್ಟು ನೀರು, ಎಷ್ಟು ಕಾಲೇಜು, ಎಷ್ಟು ಮಂತ್ರಿಪದವಿ ಸಂದಿತೆಂಬ ಲೆಕ್ಕವೇ ಆಗಿತ್ತು. ಇಟಾರಸಿಯನ್ನು ದಾಟುವ ವೇಳೆಗೆ ನಮ್ಮಲ್ಲಿಬ್ಬರು ಪರಸ್ಪರ ಮಾತು ಬಿಟ್ಟಿದ್ದರು. ಹೀಗೆ ತ್ರಿವೇಣಿಗೆ ಹೊರಟ ಯಾತ್ರಿಕರು ನಾವು!

ಅಲಹಾಬಾದೆಂಬ ಹೆಸರು 2018ರಲ್ಲಿ ಹೋಗಿ ಆ ನಗರವು ಈಗ ಪ್ರಯಾಗರಾಜವೆನಿಸಿದೆ. ಅಕ್ಬರನು 1583ರಲ್ಲಿ ಕಟ್ಟಿಸತೊಡಗಿದ ಕೋಟೆಯ ಕೆಳಗೆ ದೋಣಿಗಳು ನಿಂತಿರುತ್ತವೆ. ಅಂಬಿಗನು ನಮ್ಮನ್ನೊಮ್ಮೆ ನೋಡಿ, "ಒಂದೇ ಗುಂಪೋ, ಬೇರೆ ಬೇರೆಯೋ?" ಎಂದು ಕೇಳಿದನು. ಅವನು ಕೇಳಿದುದು ದೋಣಿಯ ಬಾಡಿಗೆಗಾಗಿ. ಆದರೂ ನಮ್ಮಲ್ಲಿ ಯಾರಿಗೂ ಥಟ್ಟನೆ ಉತ್ತರ ಹೊರಡಲಿಲ್ಲ. ಕಡೆಗೆ ಮಾತು ಬಿಟ್ಟಿದ್ದ ಇಬ್ಬರಲ್ಲೊಬ್ಬರೇ ತಲೆ ತಗ್ಗಿಸಿ, "ಒಂದೇ" ಎಂದರು.

ನಡುಹೊಳೆಯಲ್ಲಿ ಬಿಳುಪಾದ ಗಂಗೆಯೂ ಕಪ್ಪಿಗೆ ತಿರುಗಿದ ಯಮುನೆಯೂ ಸ್ವಲ್ಪ ದೂರ ಬೇರೆ ಬೇರೆಯಾಗಿಯೇ ಕಾಣುತ್ತವೆ. ಮುಂದೆ ಯಾವ ನೀರು ಯಾರದೆಂದು ಹೇಳಬಲ್ಲವರಿಲ್ಲ. ಯಮುನೆಯೇನು ಸಣ್ಣ ಹೊಳೆಯಲ್ಲ. ಆಳದಲ್ಲಿಯಾಗಲಿ ನೀರಿನಲ್ಲಿಯಾಗಲಿ ಅವಳು ಗಂಗೆಗೆ ಕಡಿಮೆಯವಳಲ್ಲ. ಆದರೂ ಅಲ್ಲಿ ತನ್ನ ಹೆಸರನ್ನು ಬಿಡುವವಳು ಅವಳೇ.

ಬಿಡುವುದೇ ಆ ಕ್ಷೇತ್ರದ ಧರ್ಮವೆಂದು ನಮಗೆ ತೋರಿತು. ಹರ್ಷವರ್ಧನನು ಐದು ವರ್ಷಗಳಿಗೊಮ್ಮೆ ಇಲ್ಲಿ ತನ್ನ ಬೊಕ್ಕಸವನ್ನು ಬರಿದು ಮಾಡಿ, ಮೈಮೇಲಿನ ಒಡವೆ ವಸ್ತ್ರಗಳನ್ನೂ ಕೊಟ್ಟು, ತಂಗಿ ರಾಜ್ಯಶ್ರೀಯಿಂದ ಹಳೆಯ ಬಟ್ಟೆಯನ್ನು ಬೇಡಿ ಉಟ್ಟನೆಂದು ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನ ವೃತ್ತಾಂತದಿಂದ ತಿಳಿಯುತ್ತದೆ. ಆತನು 643ರ ದಾನೋತ್ಸವವನ್ನು ಕಣ್ಣಾರೆ ಕಂಡವನು. ಈ ಹರ್ಷನನ್ನು ನಮ್ಮ ಇಮ್ಮಡಿ ಪುಲಕೇಶಿಯು ಗೆದ್ದುದನ್ನು 634ರ ಐಹೊಳೆಯ ಶಾಸನವು ಸಾರುತ್ತದೆ. ಆ ಗೆಲುವನ್ನು ನಾವು ಎದೆಯುಬ್ಬಿಸಿ ಹೇಳುತ್ತೇವೆ. ಆದರೆ ಸೋತವನು ಪ್ರಯಾಗದಲ್ಲಿ ತೋರಿದ ದೊಡ್ಡತನವನ್ನು ಹೇಳಲು ಮರೆಯುತ್ತೇವೆ.

ಹಳೆಯ ಕಾಲದ ಮಾತೇ ಏಕೆ? ಅದೇ ನಗರದಲ್ಲಿ ಪಂಡಿತ ಮೋತೀಲಾಲ ನೆಹರೂ ಅವರು ಅಸಹಕಾರದ ಕರೆ ಬಂದಾಗ ರಾಜವೈಭವದ ವಕೀಲಿಯನ್ನು ಬಿಟ್ಟರು. 1930ರಲ್ಲಿ ತಮ್ಮ ಮನೆಯನ್ನೇ ಕಾಂಗ್ರೆಸಿಗೊಪ್ಪಿಸಿದರು. ಅದೇ ಸ್ವರಾಜ್ಯ ಭವನ. ಅದೇ ಊರಿನ ಉದ್ಯಾನದಲ್ಲಿ 1931ರ ಫೆಬ್ರವರಿ 27ರಂದು ಚಂದ್ರಶೇಖರ ಆಜಾದರು ಪ್ರಾಣವನ್ನೇ ಬಿಟ್ಟರು. ನ್ಯಾಯಾಲಯದಲ್ಲಿ ಒಂದು ಗೇಣು ನೆಲಕ್ಕಾಗಿ ವರ್ಷಗಟ್ಟಲೆ ವಾದಿಸುವ ನಮ್ಮಂಥವರಿಗೆ ಆ ಭವನದ ಜಗಲಿಯ ಮೇಲೆ ನಿಂತಾಗ ಮಾತು ಹೊರಡಲಿಲ್ಲ.

ಬಂಧುಗಳೇ, ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾದುದು ಬರಿಯ ಕಾಯಿದೆಯ ಬಲದಿಂದಲ್ಲ. ಯಾರು ಯಾರೋ ಏನನ್ನೋ ಬಿಟ್ಟುದರಿಂದ. ಏಕೀಕರಣವಾದರೆ ತಮ್ಮ ಹಿರಿಮೆ ಕುಂದೀತೆಂಬ ಶಂಕೆ ಮೈಸೂರಿಗರಲ್ಲಿ ಅನೇಕರಿಗಿದ್ದಿತು. ಅದನ್ನು ಬಿಟ್ಟರು. 1973ರಲ್ಲಿ ಪ್ರಾಂತದ ಹೆಸರಾಗಿದ್ದ ಮೈಸೂರೆಂಬ ಪ್ರಿಯವಾದ ಮಾತನ್ನೂ ಬಿಟ್ಟು ಕರ್ನಾಟಕವೆಂಬುದನ್ನು ತಲೆಯ ಮೇಲಿಟ್ಟುಕೊಂಡರು. ಯಮುನೆ ಮಾಡಿದುದೂ ಇದನ್ನೇ ಅಲ್ಲವೆ?

ಹಾಗೆಂದು ನ್ಯಾಯವಾದ ಪಾಲನ್ನು ಕೇಳಬಾರದೆಂದು ನಾವು ಹೇಳುವುದಿಲ್ಲ. ಹಿಂದುಳಿದ ಸೀಮೆಯು ಕೇಳಲೇಬೇಕು. ಮುಂದುವರಿದ ಸೀಮೆಯು ಕೇಳುವ ಮೊದಲೇ ಕೊಡಬೇಕು. ಕಲಬುರಗಿಯ ಸೀಮೆಗಾಗಿ 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371 ಜೆ ಎಂಬ ವಿಧಿ ಸೇರಿದುದು ಧರ್ಮವೇ ಸರಿ. ಬಿಡಬೇಕಾದುದು ಪಾಲನ್ನಲ್ಲ, ಕಹಿಯನ್ನು. ಅಣ್ಣತಮ್ಮಂದಿರು ಲೆಕ್ಕ ಕೇಳುವುದು ಬೇರೆ, ಗೋಡೆ ಹಾಕುವುದು ಬೇರೆ.

ಗಂಗಾಯಾತ್ರೆ ಮಾಡಿದವರು ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಬಿಟ್ಟು ಬರುವ ಸಂಪ್ರದಾಯ ನಮ್ಮ ಹಿರಿಯರದು. ನಾವೈವರು ಹಣ್ಣನ್ನು ಬಿಡಲಿಲ್ಲ. "ನಿಮ್ಮ ಕಡೆಯವರು" ಎಂಬ ಮಾತನ್ನು ಬಿಟ್ಟೆವು. ಹಿಂದಿರುಗುವಾಗ ರೈಲಿನಲ್ಲಿ ಆ ಮಾತು ಎರಡು ಮೂರು ಸಲ ನಾಲಗೆಯ ತುದಿಗೆ ಬಂದುದುಂಟು. ನುಂಗಿಕೊಂಡೆವು. ಹಣ್ಣನ್ನು ಬಿಡುವುದಕ್ಕಿಂತ ಇದು ಕಠಿನವಾದ ವ್ರತವೆಂಬುದು ಈಗ ತಿಳಿದಿದೆ.

ತಾವೂ ಈ ವ್ರತವನ್ನು ಹಿಡಿಯಬೇಕೆಂದು ಪ್ರಾರ್ಥಿಸುತ್ತೇವೆ. ಇದಕ್ಕಾಗಿ ಪ್ರಯಾಗದವರೆಗೂ ಹೋಗಬೇಕಾಗಿಲ್ಲ. "ಒಂದೇ ಗುಂಪೋ, ಬೇರೆ ಬೇರೆಯೋ?" ಎಂದು ಯಾರಾದರೂ ಕೇಳಿದಾಗ ತಡವರಿಸದೆ ಉತ್ತರ ಕೊಟ್ಟರೆ ಸಾಕು. ತಾಯಿ ಭುವನೇಶ್ವರಿಯು ಆ ಬುದ್ಧಿಯನ್ನು ನಮಗೆಲ್ಲರಿಗೂ ಕರುಣಿಸಲಿ.