ಮಕ್ಕಳು ಕೇಳುವ ಸಭೆ

ಶಾಲೆ ಶುರುವಾದ ಕೆಲ ದಿನಗಳಲ್ಲೇ ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಮಂತ್ರಿಮಂಡಲದ ಚುನಾವಣೆ ನಡೆಯುತ್ತದೆ. ಮತಚೀಟಿ, ಬೆರಳಿಗೆ ಶಾಯಿ, ಪ್ರಮಾಣವಚನ ಎಲ್ಲ ಇರುತ್ತದೆ. ಅದು ಒಳ್ಳೆಯದೇ. ಆದರೆ ಶೌಚಾಲಯಕ್ಕೆ ನೀರೇಕೆ ಬರುತ್ತಿಲ್ಲ ಎಂದು ಆ ಪುಟ್ಟ ಆರೋಗ್ಯಮಂತ್ರಿ ಯಾರನ್ನು ಕೇಳಬೇಕು?

ಅದಕ್ಕೆ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಇದೆ. ವರ್ಷಕ್ಕೊಮ್ಮೆ, ಹೆಚ್ಚಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ಗ್ರಾಮ ಪಂಚಾಯಿತಿ ಇದನ್ನು ನಡೆಸಬೇಕು. ಪಂಚಾಯಿತಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರಿಗೇ ಇರುತ್ತಾರೆ. ಏಳನೇ ತರಗತಿಯ ಹುಡುಗಿ ಎದ್ದುನಿಂತು ದೀಪವಿಲ್ಲದ ದಾರಿ, ಹೊತ್ತಿಗೆ ಬಾರದ ಬಸ್ಸು, ಶಾಲೆಯ ಪಕ್ಕದ ಮದ್ಯದಂಗಡಿ ಎಲ್ಲದರ ಬಗ್ಗೆಯೂ ಕೇಳಬಹುದು. ಮತ ಹಾಕಲು 18 ವರ್ಷ ತುಂಬಬೇಕು, ಪ್ರಶ್ನೆ ಕೇಳಲು ಬೇಕಿಲ್ಲ.

ಹಾರ, ಭಾಷಣ, ಒಂದು ನೃತ್ಯ, ಬಿಸ್ಕತ್ತು ಹಂಚಿಕೆಯಲ್ಲೇ ಸಭೆ ಮುಗಿದರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ. ಹೋದ ವರ್ಷದ ಬೇಡಿಕೆಗಳು ಏನಾದವು ಎಂಬುದನ್ನು ಮೊದಲು ಓದಿ ಹೇಳಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ, ಹಣ ಎಲ್ಲಿ ಹೋಯಿತು ಎಂಬ ಲೆಕ್ಕವನ್ನೂ ಮಕ್ಕಳ ಮುಂದಿಡಬೇಕು.

ನಿಮ್ಮೂರಿನಲ್ಲಿ ಈ ಸಲದ ಸಭೆ ಯಾವತ್ತು ಎಂದು ಇವತ್ತೇ ಪಂಚಾಯಿತಿಯಲ್ಲಿ ವಿಚಾರಿಸಿ. ಆ ದಿನ ನೀವೂ ಹೋಗಿ, ಹಿಂದೆ ಕುಳಿತು ಮಕ್ಕಳ ಮಾತು ಕೇಳಿ.