ಅಂಗನವಾಡಿಯ ಊಟ ಮತ್ತು ನಮ್ಮ ಸಂಘದ ಹೊಣೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಮಹಿಳಾ ಸದಸ್ಯರ ಪರವಾಗಿ ಮಾಡಿದ ಭಾಷಣ)



ಹಾಲಿನ ಸೊಸೈಟಿಯ ಬೆಳ್ಳಿಹಬ್ಬದಲ್ಲಿ ಅಂಗನವಾಡಿಯ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಆಹ್ವಾನ ಪತ್ರಿಕೆ ನೋಡಿದ ಹಿರಿಯರೊಬ್ಬರು, "ಹಸು, ಹಿಂಡಿ, ಹಾಲಿನ ದರ ಬಿಟ್ಟು ಇದೆಂಥ ವಿಷಯ ಮಾರಾಯ್ರೆ?" ಎಂದು ಕೇಳಿಯೇ ಬಿಟ್ಟರು. ಅವರಿಗೆ ನಾವು ಹೇಳಿದ್ದು ಇಷ್ಟೇ: ನಾವು ಕ್ಯಾನಿಗೆ ಹಾಕುವ ಹಾಲಿಗೂ ಅಂಗನವಾಡಿ ಮಗುವಿನ ಕೈಯಲ್ಲಿರುವ ಲೋಟಕ್ಕೂ ಸಂಬಂಧ ಇದೆ. ಆ ಸಂಬಂಧವನ್ನು ಸ್ವಲ್ಪ ಬಿಡಿಸಿ ಹೇಳುವುದಕ್ಕೆ ಇವತ್ತು ನಿಂತಿದ್ದೇವೆ.

ನಮ್ಮ ಪೈಕಿ ವಯಸ್ಸಾದವರಿಗೆ ನೆನಪಿರಬಹುದು. ೧೯೬೦-೭೦ರ ದಶಕಗಳಲ್ಲಿ ಶಾಲೆಗೆ ಹೋದವರು 'ಕೇರ್' ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಹಾಲಿನ ಪುಡಿಯನ್ನು, ಉಪ್ಪಿಟ್ಟಿನ ರವೆಯನ್ನು ಕಂಡವರು. ಮನೆಯಿಂದ ತಟ್ಟೆ ತಗೊಂಡು ಹೋಗಿ ಸಾಲಿನಲ್ಲಿ ನಿಂತು ತಿಂದ ಆ ಉಪ್ಪಿಟ್ಟಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ ಎನ್ನುವವರಿದ್ದಾರೆ. ಅವತ್ತು ನಮ್ಮ ಮಕ್ಕಳಿಗೆ ಕುಡಿಸುವ ಹಾಲು ಸಮುದ್ರ ದಾಟಿ ಬರಬೇಕಿತ್ತು. ಆಮೇಲೆ ಹಳ್ಳಿಹಳ್ಳಿಗೆ ಹಾಲಿನ ಸಂಘಗಳು ಬಂದವು. ೧೯೮೪ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ಹಾಲು ಹೆಚ್ಚಾಗಿ ಪುಡಿ ಮಾಡಿ ಇಡುವ ಕಾಲವೂ ಬಂತು. ೨೦೧೩ರ ಆಗಸ್ಟ್ ೧ರಂದು ರಾಜ್ಯ ಸರ್ಕಾರ 'ಕ್ಷೀರಭಾಗ್ಯ' ಯೋಜನೆ ಶುರು ಮಾಡಿ, ಶಾಲೆ ಮತ್ತು ಅಂಗನವಾಡಿ ಮಕ್ಕಳಿಗೆ ಮಹಾಮಂಡಳದಿಂದ ಹಾಲಿನ ಪುಡಿ ಕೊಂಡು ೧೫೦ ಮಿ.ಲೀ. ಹಾಲು ಕೊಡಲು ಹೊರಟಿತು. ಅಂದರೆ ನಾವು ಬೆಳಿಗ್ಗೆ ಅಳೆದು ಕೊಟ್ಟಂಥ ಹಾಲೇ ಪುಡಿಯಾಗಿ ಅಂಗನವಾಡಿಗೆ ಬರುತ್ತದೆ. ಇದು ಸಹಕಾರಿಗಳು ಹೆಮ್ಮೆಪಡುವ ಸಂಗತಿ. ಆದರೆ ಆ ಲೋಟದ ಜೊತೆಗಿರುವ ತಟ್ಟೆಯ ಕಡೆಗೆ ನಾವು ಎಷ್ಟು ಜನ ನೋಡಿದ್ದೇವೆ?

ಅಂಗನವಾಡಿ ಹೇಗೆ ಬಂತು ಎಂದು ಸ್ವಲ್ಪ ಹೇಳಬೇಕು. ೧೯೭೫ರ ಅಕ್ಟೋಬರ್ ೨ರಂದು, ಗಾಂಧಿ ಜಯಂತಿ ದಿವಸ, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ ೩೩ ಕಡೆ ಪ್ರಯೋಗವಾಗಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಬಿದ್ದ ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯದ ತಿಳುವಳಿಕೆ - ಹೀಗೆ ಆರು ಸೇವೆ ಒಂದೇ ಸೂರಿನಡಿ ಎಂಬುದು ಅದರ ಯೋಚನೆ. ಊಟವನ್ನೂ ಪಾಠವನ್ನೂ ಬೇರೆ ಮಾಡಲಿಲ್ಲ. ಹಸಿದ ಮಗುವಿಗೆ ಹಾಡು ಹೇಳಿಕೊಟ್ಟರೆ ಹತ್ತುವುದಿಲ್ಲ ಎಂಬುದು ತಾಯಂದಿರಿಗೆ ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ.

ಆದರೆ ಎಲ್ಲ ಮಕ್ಕಳಿಗೂ ಇದು ತಾನಾಗಿ ಸಿಗಲಿಲ್ಲ. ಸುಪ್ರೀಂ ಕೋರ್ಟು ೨೦೦೧ರ ನವೆಂಬರ್ ೨೮ರಂದು ಪ್ರತಿ ಜನವಸತಿಗೂ ಅಂಗನವಾಡಿ ಬೇಕು ಎಂದಿತು. ೨೦೦೬ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಇಲ್ಲದ ಜಾಗದಲ್ಲಿ ಆರು ವರ್ಷದೊಳಗಿನ ೪೦ ಮಕ್ಕಳಿದ್ದು ಜನ ಕೇಳಿದರೆ ಮೂರು ತಿಂಗಳಲ್ಲಿ ಕೇಂದ್ರ ತೆರೆಯಬೇಕು ಎಂದಿತು. ಕಡೆಗೆ ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಈ ಊಟ ಕಾನೂನಿನ ಹಕ್ಕಾಯಿತು. ಮೂರರಿಂದ ಆರು ವರ್ಷದ ಮಗುವಿಗೆ ಬೆಳಗಿನ ತಿಂಡಿ ಮತ್ತು ಬಿಸಿಯೂಟ ಸೇರಿ ೫೦೦ ಕ್ಯಾಲೊರಿ, ೧೨ರಿಂದ ೧೫ ಗ್ರಾಂ ಪ್ರೋಟೀನು ಎಂದು ಆಗ ನಿಗದಿಯಾಯಿತು. ಬಸುರಿ ಬಾಣಂತಿಯರಿಗೆ ೬೦೦ ಕ್ಯಾಲೊರಿ ಎಂದಾಯಿತು. ಇದು ದಾನವಲ್ಲ, ಹಕ್ಕು. ಈ ಮಾತು ದಯವಿಟ್ಟು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ದುಡ್ಡಿನ ಮಾತು. ಸಹಕಾರಿಗಳಿಗೆ ಲೆಕ್ಕ ಹೇಳದೆ ಭಾಷಣ ಮಾಡಬಾರದು. ಈ ಆಹಾರದ ಖರ್ಚನ್ನು ೨೦೦೫-೦೬ರಿಂದ ಕೇಂದ್ರ, ರಾಜ್ಯ ಅರ್ಧಅರ್ಧ ಹಂಚಿಕೊಳ್ಳುತ್ತಿವೆ. ೨೦೧೭ರಲ್ಲಿ ಒಂದು ಮಗುವಿಗೆ ದಿನಕ್ಕೆ ೮ ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ ೧೨ ರೂಪಾಯಿ, ಬಸುರಿ ಬಾಣಂತಿಗೆ ೯ ರೂಪಾಯಿ ೫೦ ಪೈಸೆ ಎಂದು ನಿಗದಿಯಾಯಿತು. ಅದಾದ ಮೇಲೆ ಎಣ್ಣೆ, ಬೇಳೆ, ತರಕಾರಿ, ಗ್ಯಾಸಿನ ದರ ಎಲ್ಲಿಗೆ ಹೋಯಿತು ಎಂದು ಸಂತೆಗೆ ಹೋಗುವವರಿಗೆ ಗೊತ್ತು. ದರ ತಕ್ಕಮಟ್ಟಿಗೆ ಹೆಚ್ಚಿಸುತ್ತೇವೆ ಎಂಬ ಮಾತು ಕೇಂದ್ರ ಬಜೆಟ್ಟಿನಲ್ಲಿ ಬಂದದ್ದು ೨೦೨೫ರಲ್ಲಿ, ಎಂಟು ವರ್ಷ ಸಮೀಪಿಸಿದ ಮೇಲೆ. ನಮ್ಮ ಹಸುವಿಗೆ ಹಾಕುವ ಪಶು ಆಹಾರದ ಲೆಕ್ಕದಲ್ಲಿ ಹೇಳುವುದಾದರೆ, ೮ ರೂಪಾಯಿಗೆ ಈಗ ಅರ್ಧ ಕೆ.ಜಿ.ಯೂ ಬರುವುದಿಲ್ಲ. ಹಸುವಿಗೆ ಹಿಂಡಿ ಕಡಿಮೆ ಮಾಡಿದರೆ ಸಂಜೆಯೇ ಹಾಲು ಇಳಿಯುತ್ತದೆ, ನಮಗೆ ಗೊತ್ತಾಗುತ್ತದೆ. ಮಗುವಿನ ತಟ್ಟೆಯಲ್ಲಿ ಕಡಿಮೆಯಾದರೆ ಗೊತ್ತಾಗುವುದು ಹತ್ತಿಪ್ಪತ್ತು ವರ್ಷ ಕಳೆದ ಮೇಲೆ.

ಇದು ಬರೀ ಬಾಯಿಮಾತಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ನಾಲ್ಕು ಹಳ್ಳಿಗಳಲ್ಲಿ ೧೯೬೯ರಿಂದ ೧೯೭೭ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಯ ಮಕ್ಕಳಿಗೆ ಹಾಲಿನ ಪುಡಿ ಸೇರಿಸಿದ ಪೌಷ್ಟಿಕ ಗಂಜಿ ಕೊಟ್ಟರು. ಇನ್ನೆರಡು ಹಳ್ಳಿಯಲ್ಲಿ ಪ್ರೋಟೀನು ಇಲ್ಲದ ಸಿಹಿ ಪಾನೀಯ ಕೊಟ್ಟರು. ಆ ಮಕ್ಕಳು ಬೆಳೆದು ದುಡಿಯುವ ವಯಸ್ಸಿಗೆ ಬಂದಾಗ ಹುಡುಕಿ ನೋಡಿದರು. ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ಗಂಜಿ ಸಿಕ್ಕಿದ್ದ ಗಂಡಸರ ಕೂಲಿ ಗಂಟೆಗೆ ಸರಾಸರಿ ಶೇ. ೪೬ರಷ್ಟು ಹೆಚ್ಚಿತ್ತು. ಮೂರು ವರ್ಷ ಕಳೆದ ಮೇಲೆ ಗಂಜಿ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ. ಅಂದರೆ ಹೊತ್ತು ಮೀರಿದ ಮೇಲೆ ಹಾಕಿದ ಗೊಬ್ಬರ ಪೈರಿಗೆ ಹತ್ತುವುದಿಲ್ಲ.

ನಮ್ಮ ರಾಜ್ಯದ ಸ್ಥಿತಿ ಏನು? ೨೦೧೯-೨೦ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ೩೫ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ನೂರರಲ್ಲಿ ೬೫ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ತೀರ್ಥಹಳ್ಳಿ ಸೀಮೆ ವಿದ್ಯಾವಂತರ ಸೀಮೆ, ಕುವೆಂಪು ಬೆಳೆದ ನಾಡು, ಇಲ್ಲಿ ಅದೆಲ್ಲ ಇಲ್ಲ ಎಂದು ನಾವು ಅಂದುಕೊಂಡಿದ್ದೆವು. ಆದರೂ ನೋಡಿಯೇ ಬಿಡೋಣ ಎಂದು ಮಹಿಳಾ ಸದಸ್ಯರು ಸರದಿಯ ಮೇಲೆ ಒಂದು ತಿಂಗಳು ನಮ್ಮ ಅಂಗನವಾಡಿಗೆ ಹೋಗಿ ಕೂತೆವು.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇವೆ. ಟೀಚರೂ ಸಹಾಯಕಿಯೂ ಇರುವಷ್ಟರಲ್ಲಿ ಚೆನ್ನಾಗಿ ನಡೆಸುತ್ತಿದ್ದಾರೆ. ಮೊಟ್ಟೆ ದರ ಏರಿದಾಗ ಟೀಚರು ಕೈಯಿಂದ ಹಾಕಿ ತಂದು, ಹಣ ಬರುವವರೆಗೆ ಕಾದದ್ದೂ ಇದೆ. ಸಾರಿನಲ್ಲಿ ಸೊಪ್ಪು ಕಂಡ ದಿನ ಕಡಿಮೆ. ನಾಚಿಕೆಯ ಸಂಗತಿ ಏನೆಂದರೆ, ನಮ್ಮೆಲ್ಲರ ಹಿತ್ತಲಲ್ಲಿ ನುಗ್ಗೆ, ಬಸಳೆ, ಹರಿವೆ, ಪಪ್ಪಾಯಿ ಬೆಳೆದು ಹಣ್ಣಾಗಿ ಉದುರುತ್ತಿರುತ್ತದೆ. ಇನ್ನು ಹಾಜರಿ. ನಮ್ಮದು ಬಯಲುಸೀಮೆಯಂತೆ ಒತ್ತೊತ್ತಾಗಿ ಮನೆ ಇರುವ ಊರಲ್ಲ. ಗುಡ್ಡಕ್ಕೊಂದು ಮನೆ, ಹಳ್ಳಕ್ಕೊಂದು ಸಂಕ. ವರ್ಷಕ್ಕೆ ೭ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಆಗುಂಬೆ ಇರುವ ತಾಲ್ಲೂಕು ನಮ್ಮದು. ಜೂನ್‌ನಿಂದ ಆಗಸ್ಟ್‌ವರೆಗೆ ಹಳ್ಳ ದಾಟಿ ಮೂರು ವರ್ಷದ ಮಗುವನ್ನು ಯಾರು ಕಳಿಸುತ್ತಾರೆ? ೨೦೧೭ರಲ್ಲಿ ಬಸುರಿಯರಿಗೆ ಮಾತೃಪೂರ್ಣ ಊಟ ಬಂದಾಗಲೂ ಇದೇ ಕಷ್ಟ ಆಯಿತು. ಏಳು ತಿಂಗಳ ಬಸುರಿ ಗುಡ್ಡ ಇಳಿದು ಬಂದು ಊಟ ಮಾಡಿ ಮತ್ತೆ ಗುಡ್ಡ ಹತ್ತಬೇಕು.

ಮಳೆ ಮುಗಿದ ಮೇಲೆ ಅಡಿಕೆ ಸುಗ್ಗಿ. ಸುಲಿಯುವುದಕ್ಕೆ ಹೋಗುವ ತಾಯಂದಿರು ರಾತ್ರಿ ಹನ್ನೊಂದರವರೆಗೆ ಕೂತು ಸುಲಿಯುತ್ತಾರೆ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಮಗು ಮಲಗಿರುತ್ತದೆ. ಆರು ತಿಂಗಳಿಂದ ಮೂರು ವರ್ಷದೊಳಗಿನ ಆ ಕೂಸಿಗೆ ಅಂಗನವಾಡಿಯಿಂದ ಮನೆಗೆ ಕೊಡುವ ಪುಷ್ಟಿ ಪುಡಿ ಸಲ್ಲಬೇಕು. ಆದರೆ ಹಲವು ಮನೆಯಲ್ಲಿ ಅದನ್ನು ಎಲ್ಲರೂ ತಿಂದು ಎರಡು ದಿನದಲ್ಲಿ ಖಾಲಿ ಮಾಡುತ್ತಾರೆ. ಗ್ವಾಟೆಮಾಲದ ಲೆಕ್ಕ ಹೇಳಿದ್ದು ಇದಕ್ಕೇ. ತಪ್ಪಿಸಬಾರದ ವಯಸ್ಸು ಅದು. ನಮ್ಮಲ್ಲಿ ತಪ್ಪುತ್ತಿರುವುದೂ ಅದೇ ವಯಸ್ಸು.

ಇನ್ನೊಂದು ಮಾತು, ಸ್ವಲ್ಪ ಕಹಿ. ಅನುಕೂಲವಂತರಾದ ನಮ್ಮ ಮನೆ ಮಕ್ಕಳೆಲ್ಲ ಮೂರು ವರ್ಷಕ್ಕೇ ವ್ಯಾನು ಹತ್ತಿ ಪೇಟೆಯ ಎಲ್.ಕೆ.ಜಿ.ಗೆ ಹೋಗುತ್ತಿವೆ. ಅಂಗನವಾಡಿಯಲ್ಲಿ ಉಳಿದದ್ದು ಕೂಲಿಯವರ ಮಕ್ಕಳು. ನಮ್ಮ ಮಕ್ಕಳು ಅಲ್ಲಿ ಇಲ್ಲದ ಮೇಲೆ ಅಲ್ಲಿಯ ಸಾರು ಹೇಗಿದೆ, ಸೂರು ಸೋರುತ್ತದೆಯೇ ಎಂದು ಕೇಳುವ ದನಿಯೂ ಇಲ್ಲ. ಆರು ವರ್ಷದೊಳಗೆ ಮಿದುಳಿನ ಬೆಳವಣಿಗೆ ಶೇ. ೮೫ಕ್ಕೂ ಹೆಚ್ಚು ಆಗಿಹೋಗುತ್ತದೆ ಎಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಆ ವಯಸ್ಸಿಗೆ ಬೇಕಾದದ್ದು ಆಟ, ಹಾಡು, ಕಥೆ, ಮಾತು, ಹೊಟ್ಟೆ ತುಂಬ ಊಟ, ಮಧ್ಯಾಹ್ನ ಒಂದು ನಿದ್ದೆ. ವ್ಯಾನಿನಲ್ಲಿ ಒಂದು ತಾಸು ಕುಲುಕಾಡಿ ಹೋಗಿ ಎ ಬಿ ಸಿ ಡಿ ತಿದ್ದಿ, ಡಬ್ಬಿಯ ಬಿಸ್ಕತ್ತು ತಿಂದು ಬರುವುದಲ್ಲ. ತಪ್ಪು ಬೇರೆಯವರದಲ್ಲ, ನಮ್ಮದೇ.

ಹಾಗಾದರೆ ಸಂಘ ಏನು ಮಾಡಬಹುದು? ಕೆಲವು ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಡುತ್ತೇವೆ.

ಒಂದು, ಲೆಕ್ಕ. ದಿನಾ ಎರಡು ಹೊತ್ತು ಹಾಲಿನ ಫ್ಯಾಟು, ಡಿಗ್ರಿ ನೋಡುವ ಜನ ನಾವು. ಒಂದು ಪಾಯಿಂಟು ಕಡಿಮೆ ಬಂದರೆ ಜಗಳಕ್ಕೆ ನಿಲ್ಲುತ್ತೇವೆ. ಹಾಗೇ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುವ ದಿನ ನಮ್ಮವರು ಇಬ್ಬರು ಹೋಗಲಿ. ಬೆಳವಣಿಗೆ ನಕ್ಷೆಯಲ್ಲಿ ಹಸಿರು ಪಟ್ಟಿಯಿಂದ ಹಳದಿಗೆ ಇಳಿದ ಮಗು ಯಾವ ಮನೆಯದು ಎಂದು ತಿಳಿದು ಆ ಮನೆಗೆ ಹೋಗಿ ಮಾತಾಡಲಿ. ಬಾಲವಿಕಾಸ ಸಮಿತಿಯ ಸಭೆಗೆ ತಾಯಂದಿರು ತಪ್ಪದೆ ಹೋಗಬೇಕು. ಬರೀ ರುಜು ಹಾಕಿ ಬರುವುದಲ್ಲ.

ಎರಡು, ಹಿತ್ತಲು. ಹಾಲು ಹಾಕಲು ಬರುವಾಗ ವಾರಕ್ಕೊಂದು ಕಟ್ಟು ಸೊಪ್ಪು, ಒಂದು ಪಪ್ಪಾಯಿ, ಒಂದು ಚಿಪ್ಪು ಬಾಳೆಹಣ್ಣು ತಂದು ಡೈರಿಯಲ್ಲಿಟ್ಟರೆ ಸಾಕು. ಅಂಗನವಾಡಿ ನೂರು ಮಾರು ದೂರದಲ್ಲಿದೆ.

ಮೂರು, ಲಾಭಾಂಶ. ಬೆಳ್ಳಿಹಬ್ಬದ ನೆನಪಿಗೆ ಸ್ವಾಗತ ಕಮಾನು ಕಟ್ಟಬೇಕು ಎಂಬ ಮಾತು ಕೇಳಿಬಂದಿದೆ. ಕಮಾನು ಬೇಡ ಎನ್ನುವ ಧೈರ್ಯ ನಮಗಿಲ್ಲ. ಆದರೆ ಅದಕ್ಕಿಂತ ಮೊದಲು ಬೈಲಾದಲ್ಲಿ ಅವಕಾಶವಿರುವಷ್ಟು ಹಣದಲ್ಲಿ ಅಂಗನವಾಡಿಗೆ ಕುಡಿಯುವ ನೀರಿನ ಫಿಲ್ಟರು, ಒಂದು ಒಳ್ಳೆ ತೂಕದ ಯಂತ್ರ ಆಗಲಿ. ಹಳ್ಳದ ಸಂಕಕ್ಕೆ ಕೈಹಿಡಿ ಹಾಕಿಸಲು ಪಂಚಾಯ್ತಿಯ ಜೊತೆ ಸೇರೋಣ.

ನಾಲ್ಕನೆಯದು ಮುಖ್ಯ. ದಿನದ ಊಟದ ಖರ್ಚನ್ನು ಮಾತ್ರ ಸಂಘ ವಹಿಸಿಕೊಳ್ಳಬಾರದು. ನಾವು ಕೊಡುತ್ತೇವೆ ಎಂದ ಕೂಡಲೇ ಕೊಡಬೇಕಾದವರ ಕೈ ಸಡಿಲವಾಗುತ್ತದೆ. ಸಂಘಕ್ಕೆ ನಷ್ಟವಾದ ವರ್ಷ ಮಕ್ಕಳ ತಟ್ಟೆ ಖಾಲಿಯಾಗುತ್ತದೆ. ಆ ಹಣ ನಾವು ಕೊಟ್ಟ ತೆರಿಗೆಯದು. ಬೆಂಕಿಪೊಟ್ಟಣ, ಸೋಪು ಕೊಳ್ಳುವ ಕೂಲಿ ಹೆಂಗಸೂ ಕೊಟ್ಟ ತೆರಿಗೆಯದು. ಆದ್ದರಿಂದ ಈ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಒಂದು ಠರಾವು ಆಗಲಿ: ಅಂಗನವಾಡಿ ಆಹಾರದ ದರವನ್ನು ಪೇಟೆ ದರಕ್ಕೆ ತಕ್ಕಂತೆ ವರ್ಷವರ್ಷವೂ ಏರಿಸಬೇಕು, ಮೊಟ್ಟೆ ತರಕಾರಿಯ ಹಣ ಮುಂಗಡವಾಗಿ ಬರಬೇಕು ಎಂದು. ಹಾಲಿನ ದರ ಲೀಟರಿಗೆ ಎರಡು ರೂಪಾಯಿ ಇಳಿದರೆ ನಾವು ಎಷ್ಟು ಗಲಾಟೆ ಮಾಡುತ್ತೇವೆ! ಮಗುವಿನ ಎಂಟು ರೂಪಾಯಿ ವರ್ಷಗಟ್ಟಲೆ ಅಲ್ಲಾಡದೆ ನಿಂತಾಗ ಒಬ್ಬರೂ ಒಂದು ಅರ್ಜಿ ಬರೆಯಲಿಲ್ಲ.

ಕಡೆಯದಾಗಿ, ಟೀಚರ ಗೌರವ. ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ೨೦೨೨ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಕೋರ್ಟು ಕೊಟ್ಟ ಮರ್ಯಾದೆಯನ್ನು ಊರೂ ಕೊಡಬೇಕಲ್ವಾ? ಇಂಥ ಸಮಾರಂಭಗಳಲ್ಲಿ ಅವರನ್ನು ಕುರ್ಚಿ ಜೋಡಿಸಲು, ಸ್ವಾಗತಗೀತೆ ಹಾಡಲು ಕರೆಯುತ್ತೇವೆ. ವೇದಿಕೆಗೂ ಕರೆಯೋಣ.

೨೫ ವರ್ಷದ ಹಿಂದೆ ಈ ಸಂಘ ಶುರುವಾದಾಗ, "ಮಲೆನಾಡಿನಲ್ಲಿ ಹಾಲಿನ ಡೈರಿ ನಡೆಯುವುದುಂಟೇ, ಈ ಮಳೆಯಲ್ಲಿ, ಈ ರಸ್ತೆಯಲ್ಲಿ?" ಎಂದು ನಕ್ಕವರಿದ್ದರು. ಒಂದೊಂದು ಚೆಂಬು ಹಾಲು ಕೂಡಿಸಿ ನಡೆಸಿ ತೋರಿಸಿದ್ದೇವೆ. ಅದೇ ಜನ, ಅದೇ ಕೈ ಈಗಲೂ ಇದೆ. ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಈ ಸಭೆಯಲ್ಲಿ ಲೆಕ್ಕ ಓದುವ ಕಾರ್ಯದರ್ಶಿ, ಅಧ್ಯಕ್ಷೆ ಇವತ್ತು ಅಂಗನವಾಡಿಯ ಚಾಪೆಯ ಮೇಲೆ ಕೂತಿರುವ ಮಕ್ಕಳಲ್ಲೇ ಒಬ್ಬರಾಗಬೇಕು. ಅವರು ಗಟ್ಟಿಯಾಗಿ ಬೆಳೆಯಲಿ.

  

ಜೈ ಸಹಕಾರ.